ವೆಂತೊತೇನೆ: ಶಿಕ್ಷೆಗೆಂದು ಆಯ್ದುಕೊಂಡ ನಡುಗಡ್ಡೆ

ದ್ವೀಪವೆಂದೊಡನೆ ಇಂದಿನ ಪ್ರವಾಸಿಗರ ಕಣ್ಣಮುಂದೆ ಬರುವುದು ಮರಳು, ನೀಲಿ ನೀರು, ಬಿಸಿಲು. ರಾಜ್ಯವಾಳಿದವರ ಕಣ್ಣಿಗೆ ದ್ವೀಪ ಕಂಡದ್ದು ಬೇರೆ ಬಗೆಯಲ್ಲಿ. ಸುತ್ತ ಗೋಡೆ ಕಟ್ಟಬೇಕಿಲ್ಲ, ಅಗಳು ತೋಡಬೇಕಿಲ್ಲ, ಕಾವಲಿಗೆ ಹತ್ತಾಳು ಸಾಕು. ಉಳಿದುದನ್ನು ಸಮುದ್ರವೇ ನೋಡಿಕೊಳ್ಳುತ್ತದೆ. ನಮ್ಮ ಭಾಷೆಯಲ್ಲಿಯೂ 'ದ್ವೀಪಾಂತರವಾಸ' ಎಂಬುದು ಪ್ರವಾಸದ ಹೆಸರಾಗಿ ಬರಲಿಲ್ಲ, ಶಿಕ್ಷೆಯ ಹೆಸರಾಗಿಯೇ ಬಂದಿತು. ಮೆಡಿಟರೇನಿಯನ್ ಸಮುದ್ರದಲ್ಲಿ ಈ ಅರ್ಥವನ್ನು ಎರಡು ಸಾವಿರ ವರ್ಷಗಳ ಕಾಲ ಹೊತ್ತು ನಿಂತ ನೆಲವೊಂದಿದೆ. ಅದರ ಇಂದಿನ ಹೆಸರು ವೆಂತೊತೇನೆ; ರೋಮನರ ಕಾಲದ ಹೆಸರು ಪಂದಾತೇರಿಯ.

ರೋಮ್ ಮತ್ತು ನೇಪಲ್ಸ್ ನಗರಗಳ ನಡುವೆ, ಇಟಲಿಯ ಪಶ್ಚಿಮ ಕರಾವಳಿಯಿಂದ ಸುಮಾರು 45 ಕಿಲೋಮೀಟರ್ ಆಚೆ ಈ ನಡುಗಡ್ಡೆಯಿದೆ. ಉದ್ದ ಮೂರು ಕಿಲೋಮೀಟರಿಗೂ ಕಡಿಮೆ, ಅಗಲ ಒಂದು ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ 139 ಮೀಟರ್. ಬಹುಕಾಲದ ಹಿಂದೆಯೇ ತಣ್ಣಗಾಗಿ, ಕುಸಿದು, ಕಡಲ ಪಾಲಾದ ಜ್ವಾಲಾಮುಖಿಯ ಅಂಚಿನಲ್ಲಿ ಉಳಿದುಕೊಂಡ ಚೂರು ಇದು. ಅದರ ಇನ್ನೊಂದು ಸಣ್ಣ ಚೂರು ಸಾಂತೊ ಸ್ತೇಫನೊ, ಪೂರ್ವಕ್ಕೆ ಕೂಗಳತೆಯೆನ್ನಬಹುದಾದಷ್ಟು ಹತ್ತಿರದಲ್ಲಿ ಗುಂಡಗೆ ಮೇಲೆದ್ದು ನಿಂತಿದೆ. ವೆಂತೊತೇನೆಯ ತಳದಲ್ಲಿ ಲಾವಾರಸ ಗಟ್ಟಿಯಾಗಿ ಆದ ಕರಿಗಲ್ಲು. ಅದರ ಮೇಲೆ ಜ್ವಾಲಾಮುಖಿಯ ಬೂದಿ ಪದರಪದರವಾಗಿ ಬಿದ್ದು ಗಟ್ಟಿಗೊಂಡ ಹಳದಿ ಛಾಯೆಯ ಮೆದುಗಲ್ಲು. ಇಟಲಿಯವರು ಇದನ್ನು ತೂಫೊ ಎನ್ನುತ್ತಾರೆ. ಉಳಿಗೆ ಬಗ್ಗುವ, ಆದರೆ ತೋಡಿದ ಆಕಾರವನ್ನು ಶತಮಾನಗಳವರೆಗೆ ಕಾಯ್ದುಕೊಳ್ಳುವ ಕಲ್ಲು. ಈ ನಡುಗಡ್ಡೆಯ ಚರಿತ್ರೆಯ ಬಹುಪಾಲು ಈ ಕಲ್ಲಿನ ಗುಣದಿಂದಲೇ ಆದದ್ದು ಎಂದರೆ ಅತಿಶಯೋಕ್ತಿಯಲ್ಲ.

ಫೋರ್ಮಿಯಾ ಎಂಬ ಊರಿನಿಂದ ಹೊರಡುವ ಹಡಗು ಎರಡು ಗಂಟೆಗಳಲ್ಲಿ ಇಲ್ಲಿಗೆ ಮುಟ್ಟಿಸುತ್ತದೆ. ಇಳಿದವರಲ್ಲಿ ಹೆಚ್ಚಿನವರು ಕಪ್ಪುಮರಳಿನ ಎರಡು ಪುಟ್ಟ ಕಡಲತೀರಗಳತ್ತ ನಡೆದುಬಿಡುತ್ತಾರೆ. ಅವರು ಬೆನ್ನು ತಿರುಗಿಸಿದ ಕಡೆ ರೋಮನರ ಬಂದರು ಇದೆ. ಈ ಬಂದರನ್ನು ಕಟ್ಟಿದ್ದಲ್ಲ, ಕಡೆದದ್ದು. ಸಮುದ್ರಕ್ಕೆ ಗೋಡೆ ಹಾಕಿ ನೀರನ್ನು ತಡೆಯುವ ಬದಲು ರೋಮನ್ ಶಿಲ್ಪಿಗಳು ನೆಲದ ಕಲ್ಲನ್ನೇ ತೋಡಿ ತೆಗೆದು ಕಡಲನ್ನು ಒಳಕ್ಕೆ ಕರೆದುಕೊಂಡರು. ಹೀಗೆ ಹೊರತೆಗೆದ ಕಲ್ಲು ಸುಮಾರು 60,000 ಘನ ಮೀಟರ್ ಎಂದು ಲೆಕ್ಕ ಹಾಕಿದ್ದಾರೆ. ಬಾಯಿ ಕಿರಿದು, ಒಳಗೆ ತಿರುವು; ಹೊರಗೆ ಎಂಥ ಅಲೆ ಎದ್ದರೂ ಒಳಗಿನ ನೀರು ಕೆರೆಯಂತಿರುತ್ತದೆ. ಹಡಗಿನ ಹಗ್ಗ ಬಿಗಿಯುವ ಗೂಟಗಳನ್ನು ಕೂಡ ಬೇರೆ ತಂದು ನೆಟ್ಟಿಲ್ಲ, ಅದೇ ಬಂಡೆಯಲ್ಲಿ ಕೆತ್ತಿ ನಿಲ್ಲಿಸಿದ್ದಾರೆ. ಸುತ್ತಲ ಬಂಡೆಯಲ್ಲಿ ಕೊರೆದ ಉಗ್ರಾಣಗಳು ಇಂದು ಅಂಗಡಿಗಳಾಗಿವೆ. ಮೀನುಗಾರರ ದೋಣಿಗಳು ಇಂದಿಗೂ ಇದೇ ಬಂದರಿನಲ್ಲಿ ನಿಲ್ಲುತ್ತವೆ. ಎರಡು ಸಾವಿರ ವರ್ಷ ಹಳೆಯದಾದರೂ ಸ್ಮಾರಕವಾಗಲು ಒಪ್ಪದೆ ಬಂದರಾಗಿಯೇ ಉಳಿದ ಬಂದರು ಜಗತ್ತಿನಲ್ಲಿ ಎಷ್ಟಿದ್ದಾವು!

ನಡುಗಡ್ಡೆಯಲ್ಲಿ ಹೊಳೆಯಿಲ್ಲ, ಬುಗ್ಗೆಯಿಲ್ಲ. ಬಿದ್ದ ಮಳೆಯೇ ನೀರು. ಆದ್ದರಿಂದ ರೋಮನರು ನೆಲದಡಿ ದೊಡ್ಡ ತೊಟ್ಟಿಗಳನ್ನು ಕೊರೆದರು, ಕಾಲುವೆಗಳಿಂದ ಅವುಗಳನ್ನು ಜೋಡಿಸಿದರು, ಗೋಡೆಗಳಿಗೆ ಸುಣ್ಣದೊಡನೆ ಕುಟ್ಟಿದ ಮಡಕೆಚೂರು ಬೆರೆಸಿದ ಗಾರೆ ಬಳಿದರು. ನಮ್ಮ ಹಳೆಯ ಕಟ್ಟಡಗಳ ಸುರ್ಕಿ ಗಾರೆಗೆ ಹತ್ತಿರದ ನಂಟಿನ ವಸ್ತು ಇದು. ಈ ತೊಟ್ಟಿಗಳಲ್ಲೊಂದಕ್ಕೆ 'ಕೈದಿಗಳ ತೊಟ್ಟಿ' ಎಂಬ ಹೆಸರಿದೆ. ಹದಿನೆಂಟನೆಯ ಶತಮಾನದಲ್ಲಿ ಕೆಲಸಕ್ಕೆಂದು ತಂದ ಸೆರೆಯಾಳುಗಳನ್ನು ಬತ್ತಿದ ಆ ತೊಟ್ಟಿಯಲ್ಲಿಯೇ ಮಲಗಿಸುತ್ತಿದ್ದರು. ದೀಪಸ್ತಂಭದ ಬುಡದಲ್ಲಿ ಬಂಡೆ ಕೊರೆದು ಮಾಡಿದ ಮೀನುಕೊಳಗಳಿವೆ. ಕಡಲ ನೀರು ಬಂದು ಹೋಗುವಂತೆ, ಆದರೆ ಮೀನು ಹೋಗದಂತೆ ಅವುಗಳ ಕಾಲುವೆಗಳನ್ನು ಹೊಂದಿಸಲಾಗಿತ್ತು. ಉತ್ತರದ ತುದಿ ಪುಂತಾ ಎಯೊಲೊ ಎಂಬಲ್ಲಿ ಇಷ್ಟೆಲ್ಲ ಏರ್ಪಾಡು ಯಾರಿಗಾಗಿತ್ತೋ ಆ ಅರಮನೆಯ ಅಡಿಪಾಯವಿದೆ. ಸ್ನಾನಗೃಹ, ತೆರೆದ ಅಂಗಳ, ಕಡಲಿಗಿಳಿಯುವ ಮೆಟ್ಟಿಲು. ಆಗಸ್ಟಸ್ ಚಕ್ರವರ್ತಿಯ ಬೇಸಿಗೆಯ ನಿವಾಸವಾಗಿ ಇದು ಕಟ್ಟಲ್ಪಟ್ಟಿತು. ಬಂದರನ್ನು ಆತನ ಆಪ್ತ ಸೇನಾನಿ ಅಗ್ರಿಪ್ಪ ಮಾಡಿಸಿದನೆಂದು ಹೇಳುವುದುಂಟು. ಈ ಮಾತು ನಿಜವಾದರೆ ಮುಂದಿನ ಕಥೆ ಇನ್ನೂ ಕಹಿಯಾಗುತ್ತದೆ, ಏಕೆಂದರೆ ಆ ಬಂದರಿನಲ್ಲಿ ಶಿಕ್ಷೆಗೊಳಗಾಗಿ ಮೊದಲು ಇಳಿದವಳು ಅಗ್ರಿಪ್ಪನ ವಿಧವೆ, ಆಗಸ್ಟಸನ ಏಕಮಾತ್ರ ಮಗಳು ಜೂಲಿಯಾ.

ಜೂಲಿಯಾಳ ಬದುಕನ್ನು ಅವಳ ತಂದೆ ರಾಜ್ಯದ ಕಾಗದಪತ್ರದಂತೆ ಬಳಸಿದ. ಅವಳು ಹುಟ್ಟಿದ ದಿನವೇ ಅವಳ ತಾಯಿ ಸ್ಕ್ರಿಬೋನಿಯಾಳಿಗೆ ವಿಚ್ಛೇದನ ಕೊಟ್ಟ. ಮೊದಲು ಸೋದರಳಿಯ ಮಾರ್ಸೆಲಸನಿಗೆ ಕೊಟ್ಟು ಮದುವೆ ಮಾಡಿದ. ಆತ ಸತ್ತ ಮೇಲೆ ತನ್ನ ಓರಗೆಯವನೇ ಆದ ಅಗ್ರಿಪ್ಪನಿಗೆ. ಅವನೂ ಸತ್ತ ಮೇಲೆ ಮಲಮಗ ಟೈಬೀರಿಯಸನಿಗೆ. ಅಗ್ರಿಪ್ಪನಿಂದ ಅವಳಿಗೆ ಐದು ಮಕ್ಕಳು. ಅವರಲ್ಲಿ ಗಾಯಸ್ ಮತ್ತು ಲೂಸಿಯಸ್ ಎಂಬ ಇಬ್ಬರು ಗಂಡುಮಕ್ಕಳನ್ನು ಆಗಸ್ಟಸ್ ದತ್ತು ತೆಗೆದುಕೊಂಡು ಉತ್ತರಾಧಿಕಾರಿಗಳಾಗಿ ಬೆಳೆಸಿದ. ಕ್ರಿ.ಪೂ. 2ರಲ್ಲಿ, ಅವಳಿಗೆ ಸುಮಾರು ಮೂವತ್ತೇಳು ವರ್ಷವಾಗಿದ್ದಾಗ, ವ್ಯಭಿಚಾರದ ಆರೋಪ ಹೊರಿಸಿ ಪಂದಾತೇರಿಯಕ್ಕೆ ಕಳುಹಿಸಿದ. ವ್ಯಭಿಚಾರವನ್ನು ರಾಜ್ಯದ ಅಪರಾಧವಾಗಿಸಿದ ಕಾನೂನು ಆತನದೇ ಆಗಿತ್ತು. ಅವಳಿಗೆ ಮದ್ಯ ಕೊಡಬಾರದು, ಸುಖವಸ್ತುಗಳು ಕೂಡದು, ಆಗಸ್ಟಸನ ಅಪ್ಪಣೆಯಿಲ್ಲದೆ ಯಾವ ಗಂಡಸೂ ದ್ವೀಪಕ್ಕೆ ಹೋಗಬಾರದು. ಹೋಗುವವನ ಎತ್ತರ, ಬಣ್ಣ, ಮೈಮೇಲಿನ ಮಚ್ಚೆ, ಗಾಯದ ಕಲೆಗಳ ವಿವರವನ್ನೂ ತಂದೆಗೆ ಒಪ್ಪಿಸಬೇಕಿತ್ತೆಂದು ಸ್ವೆಟೋನಿಯಸ್ ಬರೆಯುತ್ತಾನೆ. ಮಗಳೊಡನೆ ತಾನಾಗಿ ಹೊರಟವಳು ಒಬ್ಬಳೇ, ಹೆರಿಗೆಯ ದಿನವೇ ಗಂಡನಿಂದ ದೂರವಾದ ಸ್ಕ್ರಿಬೋನಿಯಾ.

ಈ ಆರೋಪವನ್ನು ಹೇಗೆ ಓದಬೇಕು? ನಮಗುಳಿದ ಆಕರಗಳೆಲ್ಲ ಗಂಡಸರು ಬರೆದವು. ಬಹುಪಾಲು ಘಟನೆ ನಡೆದು ದಶಕಗಳ, ಕೆಲವು ಶತಮಾನಗಳ ಅನಂತರದವು. ಜೂಲಿಯಾಳೊಡನೆ ಸಂಬಂಧವಿತ್ತೆಂದು ಹೆಸರಿಸಲಾದವರಲ್ಲಿ ಪ್ರಮುಖನಾದ ಯೂಲಸ್ ಆಂಟೋನಿಯಸ್, ಆಗಸ್ಟಸನ ಹಳೆಯ ವೈರಿ ಮಾರ್ಕ್ ಆಂಟನಿಯ ಮಗ. ತಂದೆಯ ಪ್ರಾಣಕ್ಕೇ ಸಂಚು ನಡೆದಿತ್ತೆಂಬ ಸೂಚನೆ ಹಿರಿಯ ಪ್ಲಿನಿಯಲ್ಲಿ ಸಿಗುತ್ತದೆ. ರಾಜಕೀಯ ಸಂಚನ್ನು ಮುಚ್ಚಲು ಚಾರಿತ್ರ್ಯದ ಹೆಸರು ಬಳಕೆಯಾಯಿತೆಂದು ಅನೇಕ ವಿದ್ವಾಂಸರು ಊಹಿಸಿದ್ದಾರೆ. ನನಗಂತೂ ಎರಡರಲ್ಲಿ ಒಂದನ್ನು ಆರಿಸಲೇಬೇಕೆಂಬ ಹಟ ಅನಗತ್ಯವೆನಿಸುತ್ತದೆ. ಮಗಳ ದೇಹವೇ ವಂಶದ ಹಕ್ಕಿನ ದಾಖಲೆಯಾಗಿದ್ದ ಮನೆತನದಲ್ಲಿ ಚಾರಿತ್ರ್ಯವೂ ರಾಜಕೀಯವೂ ಬೇರೆಬೇರೆ ಕೋಣೆಗಳಲ್ಲಿ ಇರಲಿಲ್ಲ. ಐದನೆಯ ಶತಮಾನದ ಮ್ಯಾಕ್ರೋಬಿಯಸ್ ಮಾತ್ರ ಅವಳ ಸಾಹಿತ್ಯಪ್ರೀತಿಯನ್ನೂ ಮೃದು ಸ್ವಭಾವವನ್ನೂ ಚುರುಕು ಮಾತನ್ನೂ ದಾಖಲಿಸಿದ್ದಾನೆ. ರೋಮಿನ ಜನ ಅವಳನ್ನು ಹಿಂದಕ್ಕೆ ಕರೆಸಿರೆಂದು ಮತ್ತೆಮತ್ತೆ ಬೇಡಿದರೆಂಬುದು ಅವಳ ವಿರೋಧಿಗಳೂ ಅಲ್ಲಗಳೆಯದ ಸಂಗತಿ.

ಕನ್ನಡಿಗರಾದ ನಮಗೆ ಇಲ್ಲೊಂದು ಸಣ್ಣ ನಂಟು ಇದೆ. ಅದೇ ಕ್ರಿ.ಪೂ. 2ರಲ್ಲಿ ಸೆನೆಟ್ ಸಭೆ ಆಗಸ್ಟಸನಿಗೆ 'ದೇಶದ ಪಿತ' ಎಂಬ ಬಿರುದು ಕೊಟ್ಟಿತು. ಅದೇ ವರ್ಷದಿಂದ ಒಂದು ಬೆಳ್ಳಿನಾಣ್ಯ ಅಚ್ಚಾಗತೊಡಗಿತು. ಮುಂಭಾಗದಲ್ಲಿ ಆಗಸ್ಟಸನ ತಲೆ, ಸುತ್ತ ಆ ಹೊಸ ಬಿರುದು. ಹಿಂಭಾಗದಲ್ಲಿ ಗುರಾಣಿ ಈಟಿಗಳೊಡನೆ ಗಾಯಸ್ ಮತ್ತು ಲೂಸಿಯಸ್, ಅಂದರೆ ಜೂಲಿಯಾಳ ಇಬ್ಬರು ಮಕ್ಕಳು. ಮೆಣಸಿಗೂ ಮುತ್ತಿಗೂ ಬದಲಾಗಿ ದಕ್ಷಿಣ ಭಾರತಕ್ಕೆ ಹರಿದುಬಂದ ಆಗಸ್ಟಸನ ಬೆಳ್ಳಿನಾಣ್ಯಗಳಲ್ಲಿ ಬಹುಪಾಲು ಇದೇ ಬಗೆಯವು. ಯಶವಂತಪುರದಲ್ಲಿ 1891ರಲ್ಲಿ ಸಿಕ್ಕ ನಿಧಿ, ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ನಾಣ್ಯಗಳು ಈ ವ್ಯಾಪಾರದ ಸಾಕ್ಷಿಗಳು. ನಮ್ಮ ಇತಿಹಾಸ ಪುಸ್ತಕಗಳಲ್ಲಿ ಈ ನಾಣ್ಯಗಳ ಮಾತು ಬಂದಾಗ ವಾಣಿಜ್ಯದ ವಿಚಾರ ಮಾತ್ರ ಬರುತ್ತದೆ. ಅಪ್ಪನ ಮುಖ ಒಂದು ಬದಿಯಲ್ಲಿ, ಮಕ್ಕಳ ರೂಪ ಇನ್ನೊಂದು ಬದಿಯಲ್ಲಿ ಹೊತ್ತು ನಾಣ್ಯ ದೂರದ ಸಮುದ್ರಗಳನ್ನು ದಾಟುತ್ತಿದ್ದಾಗ, ಆ ಇಬ್ಬರ ನಡುವಿನ ಕೊಂಡಿಯಾದ ಹೆಂಗಸು ಮೂರು ಕಿಲೋಮೀಟರಿಗೂ ಕಿರಿದಾದ ಬಂಡೆಯ ಮೇಲೆ ಕೂಡಿಹಾಕಲ್ಪಟ್ಟಿದ್ದಳು. ಐದು ವರ್ಷಗಳ ಬಳಿಕ ಅವಳನ್ನು ಇಟಲಿಯ ತುದಿಯ ರೇಜಿಯಂ ನಗರಕ್ಕೆ ಒಯ್ದರು. ಅಷ್ಟರಲ್ಲಿ ಆ ಇಬ್ಬರು ಮಕ್ಕಳೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಕ್ರಿ.ಶ. 14ರಲ್ಲಿ ಆಗಸ್ಟಸ್ ಸತ್ತು, ಗಂಡನಾಗಿದ್ದ ಟೈಬೀರಿಯಸನೇ ಚಕ್ರವರ್ತಿಯಾದಾಗ ಜೂಲಿಯಾಳಿಗೆ ಬರುತ್ತಿದ್ದ ಜೀವನಾಂಶವೂ ನಿಂತಿತು. ಅದೇ ವರ್ಷ ಅವಳು ಹಸಿವಿನಿಂದ ಕೃಶಳಾಗಿ ಸತ್ತಳು.

ಒಂದು ಪೀಳಿಗೆ ಕಳೆಯುವಷ್ಟರಲ್ಲಿ ಅದೇ ಬಂದರಿಗೆ ಅವಳ ಮಗಳು ಬಂದಳು. ಅಗ್ರಿಪ್ಪೀನ, ಸೈನಿಕರ ಪ್ರೀತಿಗೆ ಪಾತ್ರನಾಗಿದ್ದ ಜರ್ಮಾನಿಕಸನ ಹೆಂಡತಿ. ಗಂಡ ಸಿರಿಯಾದಲ್ಲಿ ಸತ್ತಾಗ ಅವನ ಚಿತಾಭಸ್ಮವನ್ನು ಕೈಯಲ್ಲಿ ಹಿಡಿದು ಚಳಿಗಾಲದ ಕಡಲು ದಾಟಿ ಇಟಲಿಗೆ ಬಂದಿಳಿದವಳು. ಆ ದೃಶ್ಯವನ್ನು ಟ್ಯಾಸಿಟಸ್ ಮರೆಯಲಾಗದಂತೆ ಬರೆದಿದ್ದಾನೆ. ಟೈಬೀರಿಯಸನನ್ನು ಎದುರಿಸಿ ಮಾತಾಡಿದ ಕೆಲವರಲ್ಲಿ ಅವಳೊಬ್ಬಳು. ಕ್ರಿ.ಶ. 29ರಲ್ಲಿ ಗಡೀಪಾರಾದಳು. ಮಾತಿಗೆ ಮಾತು ಕೊಟ್ಟಳೆಂದು ಶತಾಧಿಪತಿಯೊಬ್ಬನಿಂದ ಹೊಡೆಸಿದಾಗ ಅವಳ ಒಂದು ಕಣ್ಣು ಹೋಯಿತೆಂದು ಸ್ವೆಟೋನಿಯಸ್ ಹೇಳುತ್ತಾನೆ. ಅವಳು ಅನ್ನ ಬಿಟ್ಟಳು. ಬಾಯಿ ತೆರೆಸಿ ಬಲವಂತದಿಂದ ತಿನ್ನಿಸಿದರು. ಕ್ರಿ.ಶ. 33ರಲ್ಲಿ ಸತ್ತಳು. ತಾನಾಗಿ ಉಪವಾಸ ಬಿದ್ದಳೋ, ಊಟ ನಿಲ್ಲಿಸಿ ಕೊಂದರೋ ಎಂಬ ಸಂಶಯವನ್ನು ಟ್ಯಾಸಿಟಸ್ ಹಾಗೆಯೇ ಉಳಿಸಿದ್ದಾನೆ. ಅವಳ ಕತ್ತು ಹಿಸುಕಿಸಲಿಲ್ಲವೆಂಬುದನ್ನೇ ತನ್ನ ದಯೆಯೆಂದು ಟೈಬೀರಿಯಸ್ ಹೇಳಿಕೊಂಡ, ಸೆನೆಟ್ ಅದಕ್ಕೆ ಕೃತಜ್ಞತೆ ಸಲ್ಲಿಸಿತು.

ನಾಲ್ಕು ವರ್ಷಗಳ ಮೇಲೆ ಅವಳ ಮಗ ಕ್ಯಾಲಿಗುಲ ಪಟ್ಟಕ್ಕೆ ಬಂದ. ಬಂದೊಡನೆ ಬಿರುಗಾಳಿಯ ದಿನದಲ್ಲೇ ಹಡಗು ಹತ್ತಿ ಪಂದಾತೇರಿಯಕ್ಕೆ ಹೋಗಿ, ತಾಯಿಯ ಬೂದಿಯನ್ನು ತಾನೇ ಎತ್ತಿ ತುಂಬಿ ರೋಮಿಗೆ ತಂದು ಆಗಸ್ಟಸನ ಸಮಾಧಿಯಲ್ಲಿ ಇರಿಸಿದ. ಅವಳ ಭಸ್ಮವನ್ನಿಟ್ಟಿದ್ದ ಶಾಸನಸಹಿತ ಅಮೃತಶಿಲೆಯ ತೊಟ್ಟಿ ಇಂದಿಗೂ ರೋಮಿನ ಕ್ಯಾಪಿಟೊಲೈನ್ ವಸ್ತುಸಂಗ್ರಹಾಲಯದಲ್ಲಿದೆ. ಮಧ್ಯಯುಗದಲ್ಲಿ ಸಮಾಧಿ ಪಾಳುಬಿದ್ದಾಗ ಯಾರೋ ಅದನ್ನು ಹೊತ್ತುತಂದರು. ಒಳಗೆ ಟೊಳ್ಳಿದ್ದುದರಿಂದ ಧಾನ್ಯ ಅಳೆಯುವ ನಗರದ ಅಧಿಕೃತ ಕೊಳಗವಾಗಿ ಬಳಸಿದರು. ಅನ್ನವಿಲ್ಲದೆ ಸತ್ತವಳ ಬೂದಿಯ ಪಾತ್ರೆಯಲ್ಲಿ ಗೋಧಿ ಅಳೆದರು. ಇಂಥದನ್ನು ಕವಿಯೊಬ್ಬ ಕಲ್ಪಿಸಿದ್ದರೆ ನಾವು ಅತಿಯಾಯಿತೆನ್ನುತ್ತಿದ್ದೆವು.

ಮೂರನೆಯವಳು ಆಕ್ಟೇವಿಯಾ, ಕ್ಲಾಡಿಯಸ್ ಚಕ್ರವರ್ತಿಯ ಮಗಳು, ನೀರೊವಿನ ಹೆಂಡತಿ. ಕ್ರಿ.ಶ. 62ರಲ್ಲಿ ನೀರೊ ಅವಳನ್ನು ಬಂಜೆಯೆಂದು ತ್ಯಜಿಸಿ ಪೊಪ್ಪೀಯಳನ್ನು ಮದುವೆಯಾದ. ಜನ ಬೀದಿಗಿಳಿದು ಆಕ್ಟೇವಿಯಾಳ ಪರ ನಿಂತರು. ಆಗ ಅನಿಸೀಟಸ್ ಎಂಬ ನೌಕಾಧಿಕಾರಿಯಿಂದ ಅವಳೊಡನೆ ಸಂಬಂಧವಿತ್ತೆಂದು ಸುಳ್ಳು ತಪ್ಪೊಪ್ಪಿಗೆ ಹೇಳಿಸಲಾಯಿತು. ಆ 'ತಪ್ಪಿಗೆ' ಅವನಿಗಾದ ಶಿಕ್ಷೆ ಸಾರ್ಡೀನಿಯಾ ದ್ವೀಪದಲ್ಲಿ ಅನುಕೂಲಸ್ಥ ಜೀವನ, ಮುಪ್ಪಿನಲ್ಲಿ ಸಹಜ ಮರಣ. ಅವಳಿಗಾದದ್ದು ಪಂದಾತೇರಿಯ. ಕೆಲವೇ ದಿನಗಳಲ್ಲಿ ಕೈಕಾಲು ಕಟ್ಟಿ ನರಗಳನ್ನು ಕೊಯ್ದರು. ಹೆದರಿಕೆಯಿಂದ ರಕ್ತ ನಿಧಾನವಾಗಿ ಹರಿದುದರಿಂದ ಬಿಸಿನೀರಿನ ಹಬೆಯಲ್ಲಿ ಉಸಿರುಗಟ್ಟಿಸಿದರು. ತಲೆಯನ್ನು ರೋಮಿಗೆ ಒಯ್ದು ಪೊಪ್ಪೀಯಳಿಗೆ ತೋರಿಸಿದರು. ಆಗ ಅವಳು ಇಪ್ಪತ್ತರ ಆಸುಪಾಸಿನ ಹುಡುಗಿ. ಈ ಪ್ರಸಂಗದಲ್ಲಿ ಟ್ಯಾಸಿಟಸ್ ಎರಡು ಮಾತು ಸೇರಿಸುತ್ತಾನೆ. ಇಂಥ ಪ್ರತಿಯೊಂದು ಕೊಲೆಯ ಬಳಿಕವೂ ದೇವಾಲಯಗಳಲ್ಲಿ ಕೃತಜ್ಞತಾಪೂಜೆ ನಡೆಯುತ್ತಿತ್ತು ಎಂಬುದು ಒಂದು. ಆಕ್ಟೇವಿಯಾಳನ್ನು ಕಂಡ ಜನ ಹಿಂದೆ ಗಡೀಪಾರಾದ ಹೆಂಗಸರನ್ನು ನೆನೆದು ಮರುಗಿದರು ಎಂಬುದು ಇನ್ನೊಂದು. ಎಂದರೆ ಅಷ್ಟು ಹೊತ್ತಿಗೇ ರೋಮಿನವರ ನೆನಪಿನಲ್ಲಿ ಇಂಥವರ ಪಟ್ಟಿಯೊಂದು ತಯಾರಾಗಿತ್ತು. ಪುಂತಾ ಎಯೊಲೊದ ಸ್ನಾನಗೃಹದ ಅವಶೇಷಗಳನ್ನು ನೋಡುವವರು ಈ ಪುಟಗಳನ್ನು ಓದಿಕೊಂಡು ಹೋಗುವುದು ಒಳ್ಳೆಯದು. ಅಲ್ಲಿನ ಮಾರ್ಗದರ್ಶಿ ಪುಸ್ತಕಗಳು ಆ ಜಾಗವನ್ನು 'ಜೂಲಿಯಾ ವಿಲಾಸಗೃಹ' ಎಂದೇ ಕರೆಯುತ್ತವೆ.

ಮಧ್ಯಯುಗದಲ್ಲಿ ಇಲ್ಲಿ ಕೆಲಕಾಲ ಸನ್ಯಾಸಿಗಳಿದ್ದರು, ಬಹುಕಾಲ ಕಡಲ್ಗಳ್ಳರ ಭಯವಿತ್ತು. ಆ ಶತಮಾನಗಳ ಬಗೆಗೆ ಹೇಳುವುದು ಹೆಚ್ಚಿಲ್ಲ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ನೇಪಲ್ಸಿನ ಬೂರ್ಬನ್ ದೊರೆ ನಾಲ್ಕನೆಯ ಫರ್ಡಿನಾಂಡನ ಆಡಳಿತ ದ್ವೀಪದಲ್ಲಿ ಮತ್ತೆ ಜನವಸತಿ ಮಾಡಿಸಿತು. ಮನುಷ್ಯ ಸ್ವಭಾವತಃ ಒಳ್ಳೆಯವನು, ಸಮಾಜದಿಂದ ದೂರವಿಟ್ಟರೆ ತಾನಾಗಿ ತಿದ್ದಿಕೊಳ್ಳುತ್ತಾನೆ ಎಂಬ ಆ ಕಾಲದ ತತ್ತ್ವವನ್ನು ನಂಬಿ ಮೊದಲು ನೇಪಲ್ಸಿನ ಕಳ್ಳರನ್ನೂ ವೇಶ್ಯೆಯರನ್ನೂ ತಂದಿಳಿಸಿ ನೋಡಿದರಂತೆ, ಪ್ರಯೋಗ ಕೈಗೂಡಲಿಲ್ಲ. ಬಳಿಕ ತೊರ್ರೆ ದೆಲ್ ಗ್ರೇಕೊ ಮುಂತಾದ ಕರಾವಳಿಯ ಊರುಗಳ ರೈತ ಮತ್ತು ಬೆಸ್ತ ಕುಟುಂಬಗಳನ್ನು ಕರೆತಂದರು. ಇಂದಿನ ದ್ವೀಪವಾಸಿಗಳಲ್ಲಿ ಹೆಚ್ಚಿನವರು ಅವರ ಸಂತತಿ. ಸಾಂತಾ ಕಾಂದಿದಾ ಇಗರ್ಜಿ, ಕೋಟೆ, ಮೇಲಕ್ಕೆ ಏರುವ ಹಳದಿ ಗುಲಾಬಿ ಬಣ್ಣದ ಮನೆಸಾಲು ಎಲ್ಲ ಆ ಕಾಲದವು. ಚಕ್ರವರ್ತಿಗಳ ಹೆಸರು ಹೇಳುವ ಭರದಲ್ಲಿ ಈ ಜನರನ್ನು ಮರೆಯಬಾರದು. ಗಾಳಿಗೆ ಬೇಲಿ ಕಟ್ಟಿಕೊಂಡು, ಮಳೆನೀರು ಹಿಡಿದುಕೊಂಡು, ಬೂದಿಮಣ್ಣಿನಲ್ಲಿ ಇವರು ಬೆಳೆಯುವ ಸಣ್ಣಕಾಳಿನ ಮಸೂರಬೇಳೆ ಇಟಲಿಯಲ್ಲಿ ಹೆಸರಾದದ್ದು.

ಆದರೆ ಅದೇ ಬೂರ್ಬನ್ ಆಡಳಿತ ಎದುರಿನ ಸಾಂತೊ ಸ್ತೇಫನೊ ಬಂಡೆಯ ಮೇಲೆ 1790ರ ದಶಕದಲ್ಲಿ ಒಂದು ಸೆರೆಮನೆ ಕಟ್ಟಿತು. ಕುದುರೆಲಾಳದ ಆಕಾರ, ಮೂರು ಅಂತಸ್ತು, 99 ಕೋಣೆಗಳು, ನಡುಅಂಗಳದಲ್ಲಿ ಪ್ರಾರ್ಥನಾಮಂದಿರ. ರೂಪಿಸಿದವನು ಫ್ರಾಂಚೆಸ್ಕೊ ಕಾರ್ಪಿ. ನಡುವೆ ನಿಂತ ಒಬ್ಬ ಕಾವಲುಗಾರ ಎಲ್ಲರನ್ನೂ ನೋಡಬಲ್ಲ, ತಾವು ಯಾವಾಗ ನೋಡಲ್ಪಡುತ್ತೇವೆಂದು ಕೈದಿಗಳು ಮಾತ್ರ ಅರಿಯರು ಎಂಬ ಬೆಂಥಾಮನ ಸೆರೆಮನೆಯ ಕಲ್ಪನೆ 1791ರಲ್ಲಿ ಅಚ್ಚಾಗಿತ್ತು. ಆ ಕಲ್ಪನೆ ಕಲ್ಲಿನಲ್ಲಿ ಮೂಡಿದ ಮೊದಲ ಉದಾಹರಣೆಗಳಲ್ಲಿ ಇದೊಂದು. ನೇಪಲ್ಸಿನ ಪ್ರಸಿದ್ಧ ಸಾನ್ ಕಾರ್ಲೊ ರಂಗಮಂದಿರದ ಆಕಾರವನ್ನೇ ತಿರುವುಮುರುವು ಮಾಡಿ ಇದನ್ನು ಕಟ್ಟಿದರೆಂದೂ ಹೇಳುತ್ತಾರೆ. ರಂಗಮಂದಿರದಲ್ಲಿ ಸುತ್ತ ಕುಳಿತವರು ನಡುವಿನವನನ್ನು ನೋಡುತ್ತಾರೆ, ಇಲ್ಲಿ ನಡುವಿನವನು ಸುತ್ತಲಿನವರನ್ನು. ಕೋಣೆಗಳು ಒಳಮುಖ. ನಾಲ್ಕು ದಿಕ್ಕಿಗೂ ಸಮುದ್ರವಿದ್ದು ಸಮುದ್ರ ಕಾಣದಂಥ ಕಟ್ಟಡವಿದು. ಪೋರ್ಟ್ ಬ್ಲೇರಿನ ಸೆಲ್ಯುಲರ್ ಜೈಲನ್ನು ಕಂಡವರಿಗೆ ನಡುಗೋಪುರದ ಈ ತರ್ಕ ಪರಿಚಿತ. ಅದು ಮುಗಿದದ್ದು 1906ರಲ್ಲಿ, ಇದಕ್ಕಿಂತ ನೂರು ವರ್ಷಗಳಿಗೂ ಹೆಚ್ಚು ಈಚೆಗೆ.

ಇಲ್ಲಿ ಸೆರೆಯಿದ್ದವರಲ್ಲಿ ಸಾಹಿತ್ಯದ ವಿದ್ಯಾರ್ಥಿಗಳು ನೆನೆಯಬೇಕಾದವನು ಲುಯಿಜಿ ಸೆತ್ತೆಂಬ್ರೀನಿ. ಬೂರ್ಬನ್ ದೊರೆತನದ ವಿರುದ್ಧ ನಿಂತ ಅಧ್ಯಾಪಕ. 1851ರಲ್ಲಿ ಮರಣದಂಡನೆ ಜೀವಾವಧಿಯಾಗಿ ಬದಲಾಗಿ ಇಲ್ಲಿಗೆ ಬಂದ. ಕೊಲೆಗಡುಕರೊಡನೆ ಹಂಚಿಕೊಂಡ ಕೋಣೆಯಲ್ಲಿ ಕುಳಿತು ಗ್ರೀಕ್ ವಿಡಂಬನಕಾರ ಲೂಸಿಯನ್ನನ ಕೃತಿಗಳನ್ನು ಇಟಾಲಿಯನ್ನಿಗೆ ಅನುವಾದಿಸಿದ. ಗ್ರೀಕಿನ ಅನುವಾದವೆಂಬ ಸೋಗಿನಲ್ಲಿ ಇಬ್ಬರು ಯುವಕರ ಪ್ರೇಮಕಥೆಯೊಂದನ್ನೂ ಬರೆದಿಟ್ಟಿದ್ದ. ಅದು ಅಚ್ಚಾದದ್ದು 1977ರಲ್ಲಿ, ಆತ ಸತ್ತು ನೂರು ವರ್ಷಗಳಾದ ಮೇಲೆ. 1859ರಲ್ಲಿ ಆತನನ್ನೂ ಇತರ ರಾಜಕೀಯ ಕೈದಿಗಳನ್ನೂ ಅಮೆರಿಕಕ್ಕೆ ಸಾಗಿಸಲು ಹಡಗು ಹತ್ತಿಸಿದರು. ಹಡಗಿನಲ್ಲಿ ಕೆಲಸದಾಳಿನ ವೇಷದಲ್ಲಿ ಆತನ ಮಗನೇ ಇದ್ದ. ನಡುಗಡಲಿನಲ್ಲಿ ಮಗ ತನ್ನ ನಾವಿಕಾಧಿಕಾರಿಯ ಸಮವಸ್ತ್ರ ತೊಟ್ಟು ಬಂದು ನಾಯಕನನ್ನು ಒತ್ತಾಯಿಸಿ ಹಡಗನ್ನು ಐರ್ಲೆಂಡಿನತ್ತ ತಿರುಗಿಸಿದ. ಮುಂದೆ ಒಂದಾದ ಇಟಲಿಯಲ್ಲಿ ಸೆತ್ತೆಂಬ್ರೀನಿ ನೇಪಲ್ಸ್ ವಿಶ್ವವಿದ್ಯಾಲಯದ ಸಾಹಿತ್ಯದ ಪ್ರಾಧ್ಯಾಪಕನಾದ. ಆದರೆ ಒಂದಾದ ಇಟಲಿ ಈ ಸೆರೆಮನೆಯನ್ನು ಮುಚ್ಚಲಿಲ್ಲ. 1900ರಲ್ಲಿ ದೊರೆ ಉಂಬೆರ್ತೊವನ್ನು ಗುಂಡಿಕ್ಕಿ ಕೊಂದ ಗಯೆತಾನೊ ಬ್ರೆಷಿ ಇಲ್ಲಿಗೆ ಬಂದು, 1901ರ ಮೇ ತಿಂಗಳಲ್ಲಿ ನೇಣುಬಿದ್ದ ಸ್ಥಿತಿಯಲ್ಲಿ ಸಿಕ್ಕ. ಆತ್ಮಹತ್ಯೆಯೆಂದು ಸರಕಾರ ಹೇಳಿತು. ನಂಬದವರು ಇಂದಿಗೂ ಇದ್ದಾರೆ. ಮುಸೊಲಿನಿಯ ಕಾಲದಲ್ಲಿ ಇಲ್ಲಿದ್ದ ಸಮಾಜವಾದಿ ಸಾಂದ್ರೊ ಪೆರ್ತೀನಿ 1978ರಲ್ಲಿ ಇಟಲಿಯ ರಾಷ್ಟ್ರಾಧ್ಯಕ್ಷರಾದರು.

ಮುಸೊಲಿನಿಯ ಆಡಳಿತಕ್ಕೆ ಸೆರೆಮನೆಯೊಂದೇ ಸಾಲಲಿಲ್ಲ. ವಿಚಾರಣೆಯಿಲ್ಲದೆ, ಪೊಲೀಸರ ಸಂಶಯವೊಂದರ ಮೇಲೆಯೇ ಜನರನ್ನು ದೂರದೂರುಗಳಿಗೆ ತಳ್ಳುವ 'ಕೊನ್ಫೀನೊ' ಎಂಬ ಪದ್ಧತಿಯಲ್ಲಿ ವೆಂತೊತೇನೆಯನ್ನೇ ಬಂದೀಖಾನೆಯಾಗಿ ಮಾರ್ಪಡಿಸಿತು. 1940ರ ದಶಕದ ಆರಂಭಕ್ಕೆ ಇಲ್ಲಿ ಸುಮಾರು 800 ಬಂದಿಗಳಿದ್ದರು. ದಿನಕ್ಕೆ ಕೆಲವು ಲಿರಾ ಭತ್ಯೆ, ಪದೇಪದೇ ಹಾಜರಿ, ಗುರುತಿಸಿದ ಗೆರೆ ದಾಟದಂತೆ ನಡಿಗೆ. ಊಟದ ಮನೆಗಳೂ ಪಕ್ಷವಾರು: ಕಮ್ಯುನಿಸ್ಟರದು ಬೇರೆ, ಅರಾಜಕತಾವಾದಿಗಳದು ಬೇರೆ, ಉದಾರವಾದಿ ಸಮಾಜವಾದಿಗಳದು ಬೇರೆ. ಯಾರು ಯಾರೊಡನೆ ಉಣ್ಣುತ್ತಾರೆಂಬುದೇ ಸಿದ್ಧಾಂತದ ಘೋಷಣೆಯಾಗಿತ್ತು.

ಈ ಗುಂಪುಗಳಲ್ಲಿ ಯಾವುದಕ್ಕೂ ಸರಿಯಾಗಿ ಸೇರದ ಮೂವರು ಒಂದೆಡೆ ಸೇರಿದರು. ಅಲ್ತಿಯೇರೊ ಸ್ಪಿನೆಲ್ಲಿ ಇಪ್ಪತ್ತರ ಹರೆಯದಲ್ಲೇ, 1927ರಲ್ಲಿ ಬಂಧಿತನಾದ ಕಮ್ಯುನಿಸ್ಟ್. ಸೆರೆಯಲ್ಲಿ ಓದುತ್ತ ಪಕ್ಷದ ಮೇಲಿನ ನಂಬಿಕೆ ಕಳೆದುಕೊಂಡು 1937ರಲ್ಲಿ ಉಚ್ಚಾಟಿತನಾದ. ಹಳೆಯ ಗೆಳೆಯರು ಮುಖ ತಿರುಗಿಸಿದರು. ಎರ್ನೆಸ್ತೊ ರೊಸ್ಸಿ ಅರ್ಥಶಾಸ್ತ್ರದ ಅಧ್ಯಾಪಕ. ಯೂಜೇನಿಯೊ ಕೊಲೋರ್ನಿ ಲೈಬ್ನಿಟ್ಸನ ತತ್ತ್ವಶಾಸ್ತ್ರದ ವಿದ್ವಾಂಸ, ಯೆಹೂದಿ. ಅರ್ಥಶಾಸ್ತ್ರಜ್ಞ ಲುಯಿಜಿ ಐನೌದಿ ರೊಸ್ಸಿಗೆ ಕಳುಹಿಸಿದ ಪುಸ್ತಕಗಳ ಮೂಲಕ ಇಂಗ್ಲಿಷ್ ಒಕ್ಕೂಟವಾದಿಗಳ ವಿಚಾರ ಇವರಿಗೆ ಸಿಕ್ಕಿತು. 1941ರ ಬೇಸಿಗೆ, ಯುರೋಪಿನ ಬಹುಭಾಗ ಹಿಟ್ಲರನ ಹಿಡಿತದಲ್ಲಿದ್ದಾಗ, ಸ್ಪಿನೆಲ್ಲಿ ಮತ್ತು ರೊಸ್ಸಿ 'ಸ್ವತಂತ್ರ ಹಾಗೂ ಏಕೀಕೃತ ಯುರೋಪಿಗಾಗಿ' ಎಂಬ ಪ್ರಣಾಳಿಕೆ ಬರೆದರು. ಸಿಗರೇಟು ಕಾಗದದ ಮೇಲೆ ಬರೆದು, ಕಳ್ಳತಳವಿದ್ದ ಡಬ್ಬಿಯಲ್ಲಿ ಬಚ್ಚಿಟ್ಟರೆಂದು ಹೇಳುತ್ತಾರೆ. ಹುರಿದ ಕೋಳಿಯ ಹೊಟ್ಟೆಯಲ್ಲಿಟ್ಟು ಸಾಗಿಸಿದರೆಂಬ ಕಥೆಯೂ ಇದೆ. ಕಥೆ ಯಾವುದಾದರೂ ಇರಲಿ, ಅದನ್ನು ಕಡಲಾಚೆಗೆ ಒಯ್ದು ಹಂಚಿದವರಲ್ಲಿ ಮುಖ್ಯರು ಇಬ್ಬರು ಹೆಂಗಸರು: ಕೊಲೋರ್ನಿಯ ಹೆಂಡತಿ ಉರ್ಸುಲಾ ಹಿರ್ಶ್‌ಮನ್, ರೊಸ್ಸಿಯ ಹೆಂಡತಿ ಆದಾ ರೊಸ್ಸಿ. ಬಂದಿಗಳಲ್ಲದ ಅವರಿಗೆ ಹೋಗಿಬರಲು ಅವಕಾಶವಿತ್ತು. ಜೂಲಿಯಾಳೊಡನೆ ಬಂದ ಸ್ಕ್ರಿಬೋನಿಯಾಳಂತೆಯೇ ಇವರ ಹೆಸರೂ ಅಡಿಟಿಪ್ಪಣಿಗೆ ಇಳಿದದ್ದು ಆಕಸ್ಮಿಕವಲ್ಲ.

ಪ್ರಣಾಳಿಕೆಯ ವಾದ ಸರಳವಾದುದು. ರಾಷ್ಟ್ರಪ್ರಭುತ್ವ ತನಗೆ ಮಿತಿಯೇ ಇಲ್ಲವೆಂದು ಭಾವಿಸಿದುದೇ ಯುದ್ಧದ ಬೇರು. ಯುದ್ಧ ಮುಗಿದ ಮೇಲೆ ಹಳೆಯ ರಾಷ್ಟ್ರಗಳನ್ನೇ ಮತ್ತೆ ಕಟ್ಟಿದರೆ ಇನ್ನೊಂದು ಯುದ್ಧ ಬರುತ್ತದೆ. ಆದ್ದರಿಂದ ಪ್ರಗತಿಪರ ಯಾರು, ಪ್ರತಿಗಾಮಿ ಯಾರು ಎಂಬುದನ್ನು ಇನ್ನು ಮೇಲೆ ಒಕ್ಕೂಟದ ಪ್ರಶ್ನೆಯಿಂದ ಅಳೆಯಬೇಕು. ಇದನ್ನು ಪವಿತ್ರಗ್ರಂಥವಾಗಿ ಓದುವವರ ಜೊತೆ ನಾನು ಸೇರಲಾರೆ. ಬಿಕ್ಕಟ್ಟಿನ ಹೊತ್ತಿನಲ್ಲಿ ಕ್ರಾಂತಿಕಾರಿ ಪಕ್ಷ ಜನಮತಕ್ಕೆ ಕಾಯದೆ ಮುಂದಾಳತ್ವ ವಹಿಸಬೇಕೆಂಬ ಧ್ವನಿ ಅದರಲ್ಲಿದೆ. ಸ್ಪಿನೆಲ್ಲಿ ಬಿಟ್ಟುಬಂದ ಪಕ್ಷದ ಗಾಳಿ ಆ ಪುಟಗಳಲ್ಲಿ ಇನ್ನೂ ಬೀಸುತ್ತದೆ. ಯುರೋಪಿನ ಸಾಮ್ರಾಜ್ಯಗಳ ಕೆಳಗೆ ಆಗ ನಮ್ಮನ್ನೂ ಸೇರಿ ಕೋಟ್ಯಂತರ ಜನರಿದ್ದರು. ಅವರ ಪ್ರಶ್ನೆಗೆ ಅಲ್ಲಿ ಹೆಚ್ಚು ಜಾಗವಿಲ್ಲ. ಇಷ್ಟಾದರೂ, ಗೆರೆ ದಾಟಿ ನಡೆಯುವ ಹಕ್ಕೂ ಇಲ್ಲದವರು ಒಂದು ಖಂಡದ ಗಡಿಗಳನ್ನು ಅಳಿಸುವ ಯೋಚನೆ ಮಾಡಿದ್ದು ಸಾಮಾನ್ಯ ಸಂಗತಿಯಲ್ಲ.

1943ರ ಜುಲೈಯಲ್ಲಿ ಮುಸೊಲಿನಿ ಬಿದ್ದ. ಆಗಸ್ಟಿನಲ್ಲಿ ಬಿಡುಗಡೆಯಾದ ಸ್ಪಿನೆಲ್ಲಿ ತಿಂಗಳ ಕೊನೆಗೆ ಮಿಲಾನಿನಲ್ಲಿ ಯುರೋಪಿಯನ್ ಒಕ್ಕೂಟ ಚಳವಳಿಯ ಸ್ಥಾಪನಾಸಭೆ ನಡೆಸಿದ. ಸೆಪ್ಟೆಂಬರಿನಲ್ಲಿ ಅಮೆರಿಕದ ಸಣ್ಣ ತುಕಡಿಯೊಂದು ವೆಂತೊತೇನೆಗೆ ಇಳಿದು, ತಮ್ಮ ಸಂಖ್ಯೆ ದೊಡ್ಡದೆಂದು ಜರ್ಮನರನ್ನು ನಂಬಿಸಿ ಶರಣಾಗಿಸಿತು. ಜೊತೆಗಿದ್ದ ಯುದ್ಧವರದಿಗಾರ ಜಾನ್ ಸ್ಟೈನ್‌ಬೆಕ್ ಅದನ್ನು ನಗೆಯೊಡನೆ ಬರೆದಿದ್ದಾನೆ. ಪ್ರಣಾಳಿಕೆಗೆ ಮುನ್ನುಡಿ ಬರೆದು 1944ರಲ್ಲಿ ರೋಮಿನಲ್ಲಿ ಗುಟ್ಟಾಗಿ ಅಚ್ಚುಹಾಕಿಸಿದವನು ಕೊಲೋರ್ನಿ. ಆ ವರ್ಷದ ಮೇ ಕೊನೆಯಲ್ಲಿ, ರೋಮ್ ಬಿಡುಗಡೆಯಾಗಲು ಕೆಲವೇ ದಿನಗಳಿದ್ದಾಗ, ಫ್ಯಾಸಿಸ್ಟರು ಅವನನ್ನು ಬೀದಿಯಲ್ಲಿ ಗುಂಡಿಟ್ಟು ಕೊಂದರು. ಸ್ಪಿನೆಲ್ಲಿ 1986ರವರೆಗೆ ಬದುಕಿದ. ಆತನ ಚಿತಾಭಸ್ಮ ಈ ದ್ವೀಪದ ಸ್ಮಶಾನದಲ್ಲಿದೆ. ಬ್ರಸೆಲ್ಸಿನಲ್ಲಿ ಯುರೋಪಿಯನ್ ಸಂಸತ್ತಿನ ಮುಖ್ಯ ಕಟ್ಟಡಕ್ಕೆ ಅವನ ಹೆಸರಿದೆ. ಬ್ರಿಟನ್ ಒಕ್ಕೂಟ ಬಿಡಲು ಮತ ಹಾಕಿದ 2016ರಲ್ಲಿ ಜರ್ಮನಿ, ಫ್ರಾನ್ಸ್, ಇಟಲಿಗಳ ನಾಯಕರು ಆ ಸಮಾಧಿಗೆ ಹೂವಿಟ್ಟರು. 2025ರ ಮಾರ್ಚ್‌ನಲ್ಲಿ ಇಟಲಿಯ ಪ್ರಧಾನಿ ಜೊರ್ಜಾ ಮೆಲೋನಿ ಸಂಸತ್ತಿನಲ್ಲಿ ಅದೇ ಪ್ರಣಾಳಿಕೆಯ ಸಾಲುಗಳನ್ನು ಓದಿ, ಇದು ತನ್ನ ಯುರೋಪ್ ಅಲ್ಲವೆಂದಾಗ ಸದನದಲ್ಲಿ ಕೋಲಾಹಲವಾಯಿತು. ಬಂದಿಗಳ ಬರೆಹವೊಂದಕ್ಕೆ ಎಂಬತ್ತನಾಲ್ಕು ವರ್ಷಗಳ ಬಳಿಕವೂ ಜಗಳ ಹುಟ್ಟಿಸುವ ಶಕ್ತಿಯಿದೆ.

ಬಂದಿಗಳು ಮಲಗುತ್ತಿದ್ದ ಕಟ್ಟಡಗಳನ್ನು ಮಾತ್ರ ಬಹುಪಾಲು ಕೆಡವಿಹಾಕಿದ್ದಾರೆ. ಸಾಂತೊ ಸ್ತೇಫನೊ ಸೆರೆಮನೆ 1965ರಲ್ಲಿ ಮುಚ್ಚಿತು. ಅದಕ್ಕೆ ಮೊದಲು, 1950ರ ದಶಕದಲ್ಲಿ, ಯೂಜೇನಿಯೊ ಪೆರುಕಾತ್ತಿ ಎಂಬ ನಿರ್ದೇಶಕ ಜೀವಾವಧಿ ಕೈದಿಗಳಿಗೆ ಕೆಲಸ, ಆಟದ ಮೈದಾನ, ಚಲನಚಿತ್ರ ಒದಗಿಸಿ ಆ ನರಕದೊಳಗೆ ಮನುಷ್ಯರ ಬದುಕನ್ನು ತರಲು ಯತ್ನಿಸಿದ್ದ. ಮುಚ್ಚಿದ ಮೇಲೆ ಚಾವಣಿ ಕುಸಿಯಿತು, ಕಳ್ಳಿ ಬೆಳೆಯಿತು. ಜೀರ್ಣೋದ್ಧಾರಕ್ಕೆಂದು ಇಟಲಿ ಸರಕಾರ 2016ರಲ್ಲಿ 70 ದಶಲಕ್ಷ ಯೂರೊ ತೆಗೆದಿರಿಸಿತು. ದೋಣಿ ಕಟ್ಟಲು ಸರಿಯಾದ ಜಾಗವಿಲ್ಲದ ಆ ಬಂಡೆಗೆ ಸಾಮಗ್ರಿ ಸಾಗಿಸುವುದೇ ಕಷ್ಟ. ಮೆದುಗಲ್ಲಿನ ಗುಣವೂ ಎರಡು ಬಗೆ: ಬಂದರಾಗಿ ಕಡೆಯಲು ಬಗ್ಗಿದ ಕಲ್ಲೇ ಅಲೆಗೆ, ಗಾಳಿಗೆ ಸವೆದು ಕಳಚಿ ಬೀಳುತ್ತದೆ. 2010ರ ಏಪ್ರಿಲ್‌ನಲ್ಲಿ ಕಾಲಾ ರೊಸ್ಸಾನೊ ಕಡಲತೀರದಲ್ಲಿ ಬಂಡೆ ಕುಸಿದು, ಶಾಲೆಯ ಪ್ರವಾಸಕ್ಕೆ ಬಂದಿದ್ದ ಇಬ್ಬರು ಬಾಲಕಿಯರು ಸತ್ತರು. ಅಪಾಯವಿರುವೆಡೆ ಬೇಲಿಗಳಿವೆ, ದಾಟಬಾರದು.

ಹೋಗಬಯಸುವವರು ಬೇಸಿಗೆಯ ನಡುವನ್ನು ಬಿಟ್ಟು ವಸಂತದಲ್ಲಿಯೋ ಸೆಪ್ಟೆಂಬರಿನಲ್ಲಿಯೋ ಹೋಗುವುದು ಲೇಸು. ವಸಂತದಲ್ಲಿ ಆಫ್ರಿಕದಿಂದ ಉತ್ತರಕ್ಕೆ ಹಾರುವ ಹಕ್ಕಿಗಳು ದಣಿದು ಇಲ್ಲಿ ಇಳಿಯುತ್ತವೆ; ಹಿಂದೆ ಬಲೆ ಬೀಸಿ ಲಾವುಗೆ ಹಿಡಿಯುತ್ತಿದ್ದ ದ್ವೀಪದಲ್ಲಿ ಇಂದು ಅವುಗಳ ಕಾಲಿಗೆ ಉಂಗುರ ತೊಡಿಸಿ ಹಾರಿಬಿಡುತ್ತಾರೆ. ಸೆಪ್ಟೆಂಬರ್ 20ರಂದು ಸಾಂತಾ ಕಾಂದಿದಾ ಹಬ್ಬ. ಕಾಗದದ ದೊಡ್ಡ ಬುಟ್ಟೆಗಳಿಗೆ ಬಿಸಿಗಾಳಿ ತುಂಬಿ ಆಕಾಶಕ್ಕೆ ಬಿಡುತ್ತಾರೆ. ಮೊದಲು ಪುರಸಭೆಯ ಕಟ್ಟಡದಲ್ಲಿರುವ ವಸ್ತುಸಂಗ್ರಹಾಲಯ, ಆಮೇಲೆ ತೊಟ್ಟಿಗಳು, ಸಂಜೆಯ ಬಿಸಿಲಿಗೆ ಪುಂತಾ ಎಯೊಲೊ. ಸಾಂತೊ ಸ್ತೇಫನೊ ಬಂಡೆಗೆ ದೋಣಿ ಸಿಗುವುದು ಕಡಲು ಶಾಂತವಾಗಿದ್ದ ದಿನ ಮಾತ್ರ. ಹೋಗಲಾಗದಿದ್ದರೂ ವೆಂತೊತೇನೆಯ ಪೂರ್ವದ ದಂಡೆಯಿಂದ ಸೆರೆಮನೆಯ ಹೊರಗೋಡೆ ಸ್ಪಷ್ಟವಾಗಿ ಕಾಣುತ್ತದೆ. ಆ ಗೋಡೆಯ ಹಿಂದೆ, ಬೇಲಿಯೊಳಗೆ, ಅಲ್ಲೇ ಸತ್ತ ಕೈದಿಗಳ ಸ್ಮಶಾನವಿದೆ. ಹೆಚ್ಚಿನ ಶಿಲುಬೆಗಳ ಮೇಲೆ ಹೆಸರಿಲ್ಲ.